ಜಿನೀವಾದ ಫಾರಂ, ಮಾನೋಪಾಡಿನ ಹತ್ತಿ

ಪ್ರೀತಿಯ ತಂಗಿ,

ನೀನು ಕಳಿಸಿದ ಉದ್ದನೆಯ ವಾಯ್ಸ್ ಮೆಸೇಜನ್ನು ರೊಟ್ಟಿ ಬಡಿಯುತ್ತಲೇ ಕೇಳಿದೆ. ನಡುವೆ ಅತ್ತೆ ಬಂದು, "ಯಾರವ್ವ ಇಕಿ, ಇಂಗ್ಲಿಷ್ ವಾರ್ತಾ ಓದಾಕ ಹತ್ಯಾಳ?" ಅಂದರು. "ನಮ್ಮ ಚಿಕ್ಕಪ್ಪನ ಮಗಳು, ವಕೀಲಿಕಿ ಓದ್ತಾಳಲ್ಲ, ಅಕಿ" ಅಂದೆ. "ಹಂಗಾರ ಸರಿ, ರೊಕ್ಕ ಕೇಳಾಕಲ್ಲಲ್ಲ" ಅಂತ ಸಮಾಧಾನದಿಂದ ಹೊರಟುಹೋದರು. ನಿನ್ನ ಪ್ರಬಂಧಕ್ಕೆ ನಮ್ಮ ಮನೆಯಲ್ಲಿ ಸಿಕ್ಕ ಮೊದಲ ವಿಮರ್ಶೆ ಇದು, ಬರೆದಿಟ್ಟುಕೋ.

ವಿಷಯವೇನೋ ನನಗೆ ಹಿಡಿಸಿತು. ಪರಿಸರ ಉಳಿಸಲು ದೇಶದೇಶಗಳು ಸೇರಿ ಮಾಡಿಕೊಂಡ ಒಪ್ಪಂದಗಳು ಹತ್ತಾರು. ಒಂದೊಂದಕ್ಕೂ ಬೇರೆ ಕಚೇರಿ, ಬೇರೆ ಪಟ್ಟಿ, ಬೇರೆ ವರದಿ. ಒಂದರ ಕಪಾಟಿನಲ್ಲಿರುವ ಮಾಹಿತಿ ಇನ್ನೊಂದರ ಮೇಜಿಗೆ ಹೋಗುವುದು ಹೇಗೆ ಎಂದು ನೀನು ತಲೆ ಕೆಡಿಸಿಕೊಂಡಿದ್ದೀಯ. ಅಲ್ಲಿಯವರೆಗೆ ಸರಿ. ಕೊನೆಯಲ್ಲಿ ಮಾತ್ರ "ಅಕ್ಕಾ, ನಿಮ್ಮ ಮಾನೋಪಾಡಿಗೂ ಇದಕ್ಕೂ ಏನೂ ಸಂಬಂಧ ಇಲ್ಲ ಬಿಡು" ಅಂದೆಯಲ್ಲ, ಅದು ಮನಸ್ಸಿಗೆ ನಾಟಿತು. ಬೆಂಗಳೂರು ಸೇರಿದವರಿಗೆ ತುಂಗಭದ್ರೆಯ ಈಚೆಗಿನದೆಲ್ಲ ಹಾಗೆಯೇ ಕಾಣುತ್ತದೆ ಅಂತ ನಿಮ್ಮ ಮಾವ ನಕ್ಕರು. ನನಗೆ ನಗು ಬರಲಿಲ್ಲ. ಏಕೆಂದರೆ ನೀನು ಹೆಸರಿಸಿದ ಒಪ್ಪಂದಗಳಲ್ಲಿ ನಾಲ್ಕನ್ನಾದರೂ ನಾನು ನಮ್ಮ ಹತ್ತಿ ಹೊಲದ ಬದುವಿನಲ್ಲಿ ನಿಂತೇ ತೋರಿಸಬಲ್ಲೆ.

ನಮ್ಮದು ನಡಿಗಡ್ಡ ಸೀಮೆ ಅಂತ ನಿನಗೆ ಗೊತ್ತು. ಈ ಕಡೆ ತುಂಗಭದ್ರೆ, ಆ ಕಡೆ ಕೃಷ್ಣೆ, ನಡುವೆ ಗದ್ವಾಲ, ಅಲಂಪುರ, ನಾವು. ರಾಜೋಳಿಬಂಡೆಯ ಕಾಲುವೆ ರಾಯಚೂರು ಜಿಲ್ಲೆಯಲ್ಲಿ ಹುಟ್ಟಿ ನಮ್ಮ ಕಡೆ ಬರುತ್ತದೆ. ನಾನು ಕೂಡ ರಾಯಚೂರಿನಿಂದ ಬಂದವಳೇ ಆದ್ದರಿಂದ, ಕಾಲುವೆಯಲ್ಲಿ ನೀರು ಕಡಿಮೆಯಾದಾಗಲೆಲ್ಲ ಅತ್ತೆಯ ಸಿಟ್ಟು ಮೊದಲು ನನ್ನ ಮೇಲೆ. ಹೊಲದಲ್ಲಿ ಹತ್ತಿ, ಮೆಣಸಿನಕಾಯಿ. ಹತ್ತಿ ಅಂದರೆ ನೀನು ಅಂದುಕೊಳ್ಳುವ ಅರಳೆಯ ಹತ್ತಿ ಅಲ್ಲ, ಸೀಡ್ ಹತ್ತಿ. ಊರೂರಿನ ರೈತರು ಅಂಗಡಿಯಲ್ಲಿ ಕೊಳ್ಳುವ ಹೈಬ್ರಿಡ್ ಬೀಜದ ಪೊಟ್ಟಣವಿದೆಯಲ್ಲ, ಅದರೊಳಗಿನ ಕಾಳು ಹುಟ್ಟುವುದು ಗದ್ವಾಲ ಸೀಮೆಯ ಇಂಥ ಹೊಲಗಳಲ್ಲಿ.

ಆ ಕೆಲಸವನ್ನು ನೀನು ಹತ್ತಿರದಿಂದ ನೋಡಿಲ್ಲ. ಇಲ್ಲಿ ಅದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಮಧ್ಯಾಹ್ನ ಇಳಿದ ಮೇಲೆ ಹೆಂಗಸರು ಹೆಣ್ಣುಸಾಲಿನೊಳಗೆ ಇಳಿಯುತ್ತಾರೆ. ನಾಳೆ ಅರಳಲಿರುವ ಮೊಗ್ಗು ಯಾವುದು ಎಂದು ಕಣ್ಣಳತೆಯಲ್ಲೇ ಗುರುತಿಸಿ, ಹೆಬ್ಬೆರಳಿನ ಉಗುರಿನಿಂದ ಮೊಗ್ಗಿನ ಸುತ್ತ ಗೀರಿ, ಎಸಳನ್ನೂ ಅದಕ್ಕಂಟಿದ ಕೇಸರವನ್ನೂ ಒಟ್ಟಿಗೆ ಕಿತ್ತು ತೆಗೆಯುತ್ತಾರೆ. ನಡುವಿನ ಎಳೆಯ ಸೂಜಿಯಂಥ ಶಲಾಕೆಗೆ ಮಾತ್ರ ಪೆಟ್ಟಾಗಬಾರದು. ಮರುದಿನ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಗಂಡುಸಾಲಿನ ಹೂ ತಂದು ಒಂದೊಂದಕ್ಕೂ ಪರಾಗ ಸವರುತ್ತಾರೆ. ತಿಂಗಳುಗಟ್ಟಲೆ ಇದೇ ಕೆಲಸ. ಗಿಡ ಸೊಂಟದೆತ್ತರ ಇರುತ್ತದೆ, ಮುಖ ಎಲೆಯ ಹತ್ತಿರ. ಎಲೆಯ ಮೇಲೆ ನಿನ್ನೆಯೋ ಮೊನ್ನೆಯೋ ಹೊಡೆದ ಎಣ್ಣೆ, ಅಂದರೆ ಕೀಟನಾಶಕ. ನಾನೂ ಹೋಗುತ್ತೇನೆ. ಸಂಜೆ ಕೈ ತೊಳೆದರೂ ಉಗುರಿನ ಸಂದಿಯ ಹಸಿರು ಹೋಗುವುದಿಲ್ಲ. ಅದೇ ಕೈಯಲ್ಲಿ ಮಗುವಿಗೆ ಅನ್ನ ಕಲೆಸುವಾಗ ಮನಸ್ಸು ಒಂದು ಥರ ಆಗುತ್ತದೆ. ಇದನ್ನು ಯಾರ ಮುಂದೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ಈಗ ನಿನ್ನ ಒಪ್ಪಂದಗಳಿಗೆ ಬರೋಣ. ಮೊದಲನೆಯದು ಬೀಜದ್ದು. ನಾವು ಬೆಳೆಯುವುದು ಬಿಟಿ ಹತ್ತಿ, ಕುಲಾಂತರಿ. ಭಾರತದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 2002ರಲ್ಲಿ. ಕುಲಾಂತರಿ ಜೀವಿಗಳು ದೇಶದಿಂದ ದೇಶಕ್ಕೆ ಹೋಗುವಾಗ ಏನೇನು ತಿಳಿಸಬೇಕು ಎಂಬುದಕ್ಕೆ ಇರುವುದು ಕಾರ್ತಜೆನಾ ಪ್ರೋಟೊಕಾಲ್. ಅದು 2000ದಲ್ಲಿ ಆಗಿ 2003ರಲ್ಲಿ ಜಾರಿಗೆ ಬಂತು. ಅದರಡಿ ಎಲ್ಲ ದೇಶಗಳಿಗೂ ಸೇರಿ ಒಂದು ಮಾಹಿತಿ ಕೇಂದ್ರವಿದೆ. ಆಹಾರಕ್ಕೋ ಮೇವಿಗೋ ಸಂಸ್ಕರಣೆಗೋ ಬಳಸುವ ಕುಲಾಂತರಿಯೊಂದು ಗಡಿ ದಾಟುವ ಸಾಧ್ಯತೆ ಇದ್ದರೆ, ಅದಕ್ಕೆ ಒಪ್ಪಿಗೆ ಕೊಟ್ಟ ದೇಶ ತನ್ನ ತೀರ್ಮಾನವನ್ನು 15 ದಿನಗಳೊಳಗೆ ಅಲ್ಲಿ ದಾಖಲಿಸಬೇಕು. ನಿನಗೆ ಗೊತ್ತಿರುವ ಸಂಗತಿಯೇ. ಗೊತ್ತಿಲ್ಲದ್ದು ಏನೆಂದರೆ, ಆ ಪ್ರೋಟೊಕಾಲಿನ ಸದಸ್ಯ ದೇಶಗಳ ಆರನೆಯ ಸಭೆ 2012ರ ಅಕ್ಟೋಬರಿನಲ್ಲಿ ನಡೆದದ್ದು ನಮ್ಮ ಹೈದರಾಬಾದಿನಲ್ಲಿ! ಜೀವವೈವಿಧ್ಯದ ದೊಡ್ಡ ಸಮಾವೇಶವೂ ಅದರ ಬೆನ್ನಿಗೇ ಅಲ್ಲೇ ಆಯಿತು. ಮಾನೋಪಾಡಿನಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಹೈದರಾಬಾದು. ಅಲ್ಲಿ ಜಗತ್ತಿನ ಪ್ರತಿನಿಧಿಗಳು ಕುಲಾಂತರಿ ಬೀಜದ ಮಾತಾಡುತ್ತಿದ್ದಾಗ ಇಲ್ಲಿ ಅದೇ ಬೀಜಕ್ಕೆ ಕ್ರಾಸಿಂಗ್ ನಡೆದಿತ್ತು. ಅಕ್ಟೋಬರ್ ನಮಗೆ ಅದರದೇ ಕಾಲ.

ಇನ್ನೊಂದು ಗುಟ್ಟು ಹೇಳುತ್ತೇನೆ. ಗುಟ್ಟೇನು, ಪೇಪರಿನಲ್ಲಿ ಬಂದಿದ್ದೇ. ಕಳೆನಾಶಕ ಹೊಡೆದರೂ ಸಾಯದಂಥ ಹತ್ತಿಗೆ ಈ ದೇಶದಲ್ಲಿ ಅನುಮತಿಯೇ ಸಿಕ್ಕಿಲ್ಲ. ಆದರೂ ಅದರ ಬೀಜ ತೆಲಂಗಾಣವೂ ಸೇರಿ ಹಲವು ರಾಜ್ಯಗಳಲ್ಲಿ ಕದ್ದು ಮಾರಾಟವಾಗುತ್ತದೆ, ಪೊಲೀಸರು ಹಿಡಿಯುತ್ತಲೇ ಇರುತ್ತಾರೆ. ಅನುಮತಿ ಇಲ್ಲ ಎಂದ ಮೇಲೆ ಒಪ್ಪಿಗೆಗಳ ದಾಖಲೆಯಲ್ಲಿ ಅದು ಇರುವುದಿಲ್ಲ. ಹೊಲದಲ್ಲಿ ಇರುತ್ತದೆ. ನಾಲ್ಕು ಒಪ್ಪಂದಗಳ ಮಾಹಿತಿಯನ್ನು ಒಂದೆಡೆ ಸುರಿದರೂ ನಿನ್ನ ಕೈಗೆ ಸಿಗುವುದು ಸರ್ಕಾರಗಳು ಬರೆದುಕೊಟ್ಟದ್ದು ಮಾತ್ರ. ಪ್ರಬಂಧದಲ್ಲಿ ಈ ಸಾಲು ಹಾಕಿಕೊಂಡರೆ ನನ್ನ ಹೆಸರು ಹಾಕಬೇಕಿಲ್ಲ, ಬರುವಾಗ ಒಂದು ಕೆಜಿ ಒಳ್ಳೆಯ ಕಾಫಿಪುಡಿ ತಂದರೆ ಸಾಕು.

ಎರಡನೆಯದು ಎಣ್ಣೆಯದು. ಇದರ ಬಗ್ಗೆ ನಿಧಾನವಾಗಿ ಹೇಳಬೇಕು.

ರಾಟರ್‌ಡ್ಯಾಮ್ ಒಪ್ಪಂದ 1998ರಲ್ಲಿ ಆಯಿತು, 2004ರಲ್ಲಿ ಜಾರಿಗೆ ಬಂತು, ಮರುವರ್ಷ ಭಾರತ ಸೇರಿತು. ಅದರ ತಿರುಳು ತೀರಾ ಸರಳ, ನಮ್ಮ ಅತ್ತೆಗೂ ಒಪ್ಪಿಗೆಯಾಗುವಂಥದ್ದು: ನಿನ್ನ ಮನೆಯಲ್ಲಿ ಬೇಡವೆಂದು ಬಿಸಾಕಿದ ವಿಷವನ್ನು ನನ್ನ ಮನೆಗೆ ಮಾರುವ ಮುಂಚೆ, ಯಾಕೆ ಬಿಸಾಕಿದೆ ಎಂದು ಹೇಳು, ಬೇಕೋ ಬೇಡವೋ ನಾನು ಹೇಳುತ್ತೇನೆ. ಎರಡು ಬೇರೆ ಬೇರೆ ಪ್ರದೇಶಗಳ ದೇಶಗಳು ಒಂದು ರಾಸಾಯನಿಕವನ್ನು ನಿಷೇಧಿಸಿದ್ದೇವೆ ಎಂದು ತಿಳಿಸಿದರೆ ಅದು ತಜ್ಞರ ಸಮಿತಿಯ ಮುಂದೆ ಹೋಗುತ್ತದೆ. ಪಟ್ಟಿಗೆ ಸೇರಬೇಕಾದರೆ ಎಲ್ಲ ದೇಶಗಳೂ ಒಪ್ಪಬೇಕು. ಸೇರಿದ ಮೇಲೆ ಯಾವ ದೇಶ ಆಮದಿಗೆ ಏನೆಂದಿತು ಎಂಬ ಸುತ್ತೋಲೆ ಆರು ತಿಂಗಳಿಗೊಮ್ಮೆ ಹೊರಡುತ್ತದೆ. ಒಂದು ದೇಶ ತಲೆಯಾಡಿಸದಿದ್ದರೆ ಕಥೆ ಅಲ್ಲಿಗೇ ನಿಂತಿತು. 2008ರಲ್ಲಿ ರೋಮಿನ ಸಭೆಯಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕಕ್ಕೆ ಆದದ್ದು ಅದೇ. ಬೇಡವೆಂದವರಲ್ಲಿ ಭಾರತವೂ ಇತ್ತು.

ಎಂಡೋಸಲ್ಫಾನ್ ಅಂದ ಕೂಡಲೇ ನೀನು ಕಾಸರಗೋಡು ಅನ್ನುತ್ತೀ. ಹೌದು, ಅಲ್ಲಿಗೇ ಬರುತ್ತಿದ್ದೇನೆ. ಮಾಹಿತಿ ಹೊಲದಿಂದ ಹೊರಟು ಜಗತ್ತಿನ ಸಭೆಯವರೆಗೆ ನಡೆದುಕೊಂಡು ಹೋದ ಕಥೆ ನಮ್ಮ ಕನ್ನಡದವರದ್ದೇ ಒಂದಿದೆ. ಅದನ್ನು ಬಿಟ್ಟು ನೀನು ಯೂರೋಪಿನ ಉದಾಹರಣೆ ಕೊಡುತ್ತಿದ್ದೀಯಲ್ಲ ಅಂತ ನನಗೆ ಕೋಪ.

ಕಾಸರಗೋಡಿನ ಎಣ್ಮಕಜೆ ಪಂಚಾಯ್ತಿಯ ಪಡ್ರೆ ಕಡೆ ಸರ್ಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಶುರುವಾದದ್ದು 2000ದವರೆಗೂ ನಡೆಯಿತು. ಗುಡ್ಡದ ಮೇಲೆ ಗೇರು, ಕೆಳಗೆ ಮನೆ, ತೋಡು, ಸುರಂಗದ ನೀರು. ಅಲ್ಲಿಯವರೇ ಆದ ಪತ್ರಕರ್ತ ಶ್ರೀಪಡ್ರೆ ದನಕರುಗಳಲ್ಲಿ ಕಾಣುತ್ತಿದ್ದ ವಿಕಾರಗಳ ಬಗ್ಗೆ ಬಹಳ ಮೊದಲೇ ಬರೆದರು. ಊರಿನ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್, ಹುಟ್ಟಿನಿಂದಲೇ ಬಂದ ಊನಗಳು ಇಷ್ಟು ಚಿಕ್ಕ ಊರಿಗೆ ತೀರಾ ಹೆಚ್ಚಾದವು ಎಂದು ಕಂಡುಕೊಂಡರು. ನನಗೆ ಈ ಡಾಕ್ಟರ ಬಗ್ಗೆ ಯೋಚಿಸುವುದೇ ಇಷ್ಟ. ದೊಡ್ಡ ಲ್ಯಾಬ್ ಇಲ್ಲ. ಬರುವವರ ಹೆಸರು, ಮನೆ, ಕಾಯಿಲೆ ನೆನಪಿಟ್ಟುಕೊಂಡು, ಯಾಕೆ ಹೀಗೆ ಎಂದು ಕೇಳುವ ಸ್ವಭಾವ ಮಾತ್ರ ಇತ್ತು.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆಯ ನೀರು, ಮಣ್ಣು, ರಕ್ತ, ತಾಯಿಯ ಹಾಲನ್ನೂ ಪರೀಕ್ಷಿಸಿದರು. ಎಂಡೋಸಲ್ಫಾನ್ ಇತ್ತು. ತೋಟದ ಕಡೆಯವರೂ ಕಂಪನಿಯವರೂ ಅದನ್ನು ಅಲ್ಲಗಳೆದರು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ ಗಂಡುಮಕ್ಕಳನ್ನು, ವಿಷ ಸೋಕದ ಇನ್ನೊಂದು ಊರಿನ ಮಕ್ಕಳ ಜೊತೆ ಹೋಲಿಸಿ ನೋಡಿದರು. ಪಡ್ರೆಯ 117 ಹುಡುಗರು, ಆ ಊರಿನ 90 ಹುಡುಗರು. ಎಂಡೋಸಲ್ಫಾನ್ ಸೋಕಿದ ಹುಡುಗರು ಪ್ರಾಯಕ್ಕೆ ಬರುವುದೇ ತಡವಾಗಿರಬಹುದು ಎಂದು ಅವರ ಲೇಖನ ಹೇಳಿತು. ಅದು 2003ರಲ್ಲಿ ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅಲ್ಲಿಂದ ಅದು ಎಲ್ಲರ ಸೊತ್ತು. ಕನ್ನಡ, ತುಳು, ಮಲಯಾಳಂ ಮಾತಾಡುವ ಮಕ್ಕಳ ಮೈಯ ಸುದ್ದಿ ಜಗತ್ತಿನ ಯಾವ ತಜ್ಞ ಬೇಕಾದರೂ ಓದುವಂತಾಯಿತು.

ಮರುವರ್ಷ ಸ್ಟಾಕ್‌ಹೋಮ್ ಒಪ್ಪಂದವೂ ಜಾರಿಗೆ ಬಂತು. ಅದು 2001ರದ್ದು, 2004ರಿಂದ ಜಾರಿ. ಮಣ್ಣಿನಲ್ಲಿ, ಮೈಯ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿದು, ಗಾಳಿ ನೀರಿನ ಜೊತೆ ಊರು ದೇಶ ದಾಟಿ ಹೋಗುವ ವಿಷಗಳನ್ನು ನಿಲ್ಲಿಸುವುದು ಇಲ್ಲವೇ ಬಿಗಿಯಾಗಿ ಮಿತಿಗೊಳಿಸುವುದು ಅದರ ಕೆಲಸ. ಎಂಡೋಸಲ್ಫಾನ್ ಅದರಲ್ಲಿ ಸೇರಲಿ ಎಂದು ಯೂರೋಪಿನವರು 2007ರಲ್ಲಿ ಪ್ರಸ್ತಾಪ ಇಟ್ಟರು. ತಜ್ಞರ ಸಮಿತಿಯಲ್ಲಿ ಭಾರತ ವರ್ಷವರ್ಷವೂ ಬೇಡ ಬೇಡ ಅಂದಿತು. ಯೋಚಿಸು ತಂಗಿ. ಸಾಕ್ಷಿ ನಮ್ಮ ನೆಲದ್ದು, ಸಾಕ್ಷಿ ಸಂಗ್ರಹಿಸಿದ್ದು ನಮ್ಮದೇ ಸರ್ಕಾರಿ ಸಂಸ್ಥೆ, ವಾದ ಮಾತ್ರ ಎದುರು ಪಕ್ಷದ್ದು. ನಿನ್ನ ಪ್ರೊಫೆಸರರು ಮಾಹಿತಿ ಹಂಚಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂಬ ಧಾಟಿಯಲ್ಲಿ ಮಾತಾಡುತ್ತಾರೆ ಅಂದೆಯಲ್ಲ. ಮಾಹಿತಿ ದೆಹಲಿಯಲ್ಲೇ ಇತ್ತು. ಒಂದು ಇಲಾಖೆಯ ಮೇಜಿನಿಂದ ಇನ್ನೊಂದರ ಮೇಜಿಗೆ ಹೋಗುವ ಮನಸ್ಸು ಇರಲಿಲ್ಲ. ಎಂಡೋಸಲ್ಫಾನ್ ತಯಾರಿಸುವ ದೇಶಗಳಲ್ಲಿ ನಾವೇ ಮುಂದಿದ್ದೆವು ಎಂಬುದನ್ನು ಇದಕ್ಕೆ ಸೇರಿಸಿಕೋ.

2011ರ ಏಪ್ರಿಲ್ 25ಕ್ಕೆ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಶುರುವಾಯಿತು. ಅದೇ ದಿನ ತಿರುವನಂತಪುರದಲ್ಲಿ ಆಗಿನ ಮುಖ್ಯಮಂತ್ರಿ ವಿ. ಎಸ್. ಅಚ್ಯುತಾನಂದನ್ ಒಂದು ದಿನದ ಉಪವಾಸ ಕೂತರು. ಮುಖ್ಯಮಂತ್ರಿಯೇ ಉಪವಾಸ! ಸಭೆ ಮುಗಿಯುವ ಹೊತ್ತಿಗೆ ಭಾರತವೂ ಒಪ್ಪಿತು, ಎಂಡೋಸಲ್ಫಾನ್ ಪಟ್ಟಿಗೆ ಸೇರಿತು. ಜೊತೆಗೆ ಕೆಲವು ಬೆಳೆಗಳಿಗೆ ಒಂದಿಷ್ಟು ವರ್ಷದ ವಿನಾಯಿತಿ. ವಿನಾಯಿತಿಯ ಪಟ್ಟಿಯಲ್ಲಿ ಯಾವ ಬೆಳೆ ಇತ್ತು ಹೇಳು? ನಮ್ಮ ಹತ್ತಿಯೂ ಇತ್ತು. ಜಿನೀವಾದ ತೀರ್ಮಾನವನ್ನೇ ನಂಬಿದ್ದರೆ ಮಾನೋಪಾಡಿನ ಸಾಲುಗಳಲ್ಲಿ ಇನ್ನೂ ವರ್ಷಗಟ್ಟಲೆ ಅದನ್ನು ಹೊಡೆಯಬಹುದಿತ್ತು. ಉಳಿಸಿದ್ದು ಸುಪ್ರೀಂ ಕೋರ್ಟು. 2011ರ ಮೇ 13ರಂದು ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ಕೊಟ್ಟಿತು. ಮುಂದಿನ ತಿಂಗಳು ರಾಟರ್‌ಡ್ಯಾಮ್ ಪಟ್ಟಿಗೂ ಎಂಡೋಸಲ್ಫಾನ್ ಸೇರಿತು. 2017ರಲ್ಲಿ ಅದೇ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳಕ್ಕೆ ಹೇಳಿತು. ಅದನ್ನು ಪಡೆಯಲು ಆ ತಾಯಂದಿರು ಮತ್ತೆ ಎಷ್ಟು ಸಲ ರಸ್ತೆಯಲ್ಲಿ ಕೂರಬೇಕಾಯಿತು ಎಂಬುದನ್ನು ನೀನೇ ಹುಡುಕಿ ಓದು, ನನಗೆ ಬರೆಯಲಾಗುವುದಿಲ್ಲ.

ನಿಷೇಧವಾದ ಮೇಲೆ ಗೋದಾಮುಗಳಲ್ಲಿ ಉಳಿದ ಎಂಡೋಸಲ್ಫಾನ್ ವರ್ಷಗಟ್ಟಲೆ ಅಲ್ಲೇ ಕೂತಿತು. ಆಗ ಅದು ಔಷಧವೂ ಅಲ್ಲ, ಸರಕೂ ಅಲ್ಲ, ಅಪಾಯಕಾರಿ ತ್ಯಾಜ್ಯ. ತ್ಯಾಜ್ಯವನ್ನು ಗಡಿ ದಾಟಿಸುವುದಕ್ಕೆ ಮತ್ತೊಂದು ಒಪ್ಪಂದ, 1989ರ ಬಾಸೆಲ್. ನೋಡು, ಒಂದೇ ಡಬ್ಬಿ: ಮಾರುವಾಗ ರಾಟರ್‌ಡ್ಯಾಮ್, ನಿಲ್ಲಿಸುವಾಗ ಸ್ಟಾಕ್‌ಹೋಮ್, ಉಳಿದಾಗ ಬಾಸೆಲ್. ಮೂರಕ್ಕೂ ಒಂದು ಕಾಲದಲ್ಲಿ ಬೇರೆ ಬೇರೆ ಯಜಮಾನರು. ಕೊನೆಗೆ ಅವರಿಗೇ ಬೇಸರ ಬಂದು 2010ರ ಫೆಬ್ರುವರಿಯಲ್ಲಿ ಬಾಲಿಯಲ್ಲಿ ಮೂರೂ ಒಪ್ಪಂದಗಳ ಸಭೆಯನ್ನು ಒಟ್ಟಿಗೇ ಕರೆದು, ಕಚೇರಿಗಳನ್ನು ಕೂಡಿಸಿ, ಒಬ್ಬರೇ ಕಾರ್ಯದರ್ಶಿ ಸಾಕು ಎಂದು ತೀರ್ಮಾನಿಸಿದರು. ಅದಕ್ಕೂ ಸ್ವಲ್ಪ ಮುಂಚೆ, 2009ರಲ್ಲಿ, ಉಳಿದ ಒಪ್ಪಂದಗಳ ತೀರ್ಮಾನ, ವರದಿ, ಪಟ್ಟಿಗಳನ್ನೂ ಒಂದೇ ಬಾಗಿಲಿನಿಂದ ನೋಡುವಂತೆ ಮಾಡುವ ಕೆಲಸಕ್ಕೆ ವಿಶ್ವಸಂಸ್ಥೆಯವರು ಕೈಹಾಕಿದ್ದರು. ನಿನ್ನ ಪ್ರಬಂಧದ ಮುಕ್ಕಾಲು ಭಾಗ ಇದರ ಮೇಲೇ ಇದೆ. ನಾನು ಬೇಡ ಅನ್ನುವುದಿಲ್ಲ, ಒಳ್ಳೆಯ ಕೆಲಸವೇ. ಮೇಲಿನ ಕೋಣೆಗಳ ನಡುವೆ ಬಾಗಿಲು ಇಟ್ಟರು. ಕೆಳಗಿಳಿಯುವ ಮೆಟ್ಟಿಲಿನ ಮಾತು ಯಾರು ಎತ್ತುತ್ತಾರೆ ಎಂಬುದಷ್ಟೇ ನನ್ನ ಪ್ರಶ್ನೆ.

ಮೊನ್ನೆ ನಮ್ಮ ಓಣಿಯ ಹುಡುಗನೊಬ್ಬ ಹೊಲದಲ್ಲಿ ಎಣ್ಣೆ ಹೊಡೆಯುತ್ತ ಹೊಡೆಯುತ್ತ ಕುಸಿದುಬಿಟ್ಟ. ಗಾಳಿಗೆ ಎದುರಾಗಿ ಹೊಡೆದಿದ್ದಾನೆ, ಮುಖಕ್ಕೆ ಟವೆಲ್ಲು ಬಿಟ್ಟರೆ ಏನೂ ಇಲ್ಲ. ಟವೆಲ್ಲು ಒದ್ದೆಯಾದರೆ ಅದೇ ವಿಷ ಮೂಗಿಗೆ ಇನ್ನೂ ಹತ್ತಿರ. ವಾಂತಿ, ಬಾಯಲ್ಲಿ ಜೊಲ್ಲು, ಕಣ್ಣು ಮಂಜು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಡಾಕ್ಟರು "ಯಾವ ಮಂದು?" ಎಂದು, ಅಂದರೆ ಯಾವ ಎಣ್ಣೆ ಎಂದು, ಕೇಳಿದರೆ ಅಣ್ಣ "ಕೆಂಪು ಮುಚ್ಚಳದ ಬಾಟ್ಲಿ ಸಾರ್" ಅಂದನಂತೆ. ಹುಡುಗ ಉಳಿದ, ದೇವರು ದೊಡ್ಡವನು. ಅಲಂಪುರದ ಜೋಗುಳಾಂಬೆಗೆ ಅವರವ್ವ ಸೀರೆ ಉಡಿಸಿ ಬಂದಳು. ಬಿಡುಗಡೆ ಚೀಟಿಯನ್ನು ನಾನು ಕೇಳಿ ನೋಡಿದೆ. "ವಿಷ, ಯಾವುದೆಂದು ತಿಳಿಯದು" ಅಂತಿತ್ತು, ಅಷ್ಟೇ. ಬೇರೆ ದಿನವಾಗಿದ್ದರೆ ಅದನ್ನೇ ಆತ್ಮಹತ್ಯೆಯ ಪ್ರಯತ್ನ ಅಂತ ಬರೆದು ಪೊಲೀಸರನ್ನು ಕರೆಯುತ್ತಿದ್ದರು ಎಂದು ನಿಮ್ಮ ಮಾವ ಅಂದರು.

ಆ ಬಾಟಲಿಯನ್ನು ಹುಡುಕಿಸಿ ತಂದೆ. ವಜ್ರದಾಕಾರದ ಗುರುತಿನ ಕೆಳಗಿನ ತ್ರಿಕೋನ ಹಳದಿ. ಕೆಂಪಿಗಿಂತ ಒಂದು ಮೆಟ್ಟಿಲು ಕೆಳಗೆ, ಆದರೂ ಹೆಚ್ಚು ವಿಷ ಎಂದೇ ಅದರ ಅರ್ಥ. ಆಮೇಲೆ ನೀಲಿ, ಹಸಿರು. ಜೊತೆಗಿದ್ದ ಮಡಚಿದ ಕಾಗದ ಬಿಚ್ಚಿದೆ. ನಮ್ಮ ಗೋಡೆಯ ಕ್ಯಾಲೆಂಡರಿನಷ್ಟು ಅಗಲ, ಹಲವು ಭಾಷೆ, ಕನ್ನಡವೂ ತೆಲುಗೂ ಇವೆ. ಸಾಸಿವೆಗಿಂತ ಸಣ್ಣ ಅಕ್ಷರ. ಫೋನಿನ ಕ್ಯಾಮೆರಾ ದೊಡ್ಡದು ಮಾಡಿ ಓದಿದೆ, ಕೈಗವಸು ಹಾಕಿರಿ, ಗಾಳಿ ಬರುವ ಕಡೆಗೆ ಬೆನ್ನು ಮಾಡಿರಿ, ವಿಷ ಹತ್ತಿದರೆ ಕೊಡುವ ಮದ್ದು ಇದು. ಎಲ್ಲ ಇದೆ! ಡಾಕ್ಟರು ಕೇಳಿದ್ದಕ್ಕೆ ಉತ್ತರ ಆ ಕಾಗದದಲ್ಲಿತ್ತು, ಕಾಗದ ಹೊಲದ ಮುಳ್ಳುಬೇಲಿಯಲ್ಲಿತ್ತು.

ಈಗ ನಿನ್ನ ವಕೀಲಿ ಕಿವಿ ನಿಮಿರಲಿ. ರಾಟರ್‌ಡ್ಯಾಮ್ ಒಪ್ಪಂದದ 6ನೆಯ ವಿಧಿ ನೋಡು. ನಮ್ಮಂಥ ದೇಶಗಳಲ್ಲಿ ಬಳಸುವಾಗಲೇ ಜನರಿಗೆ ಅಪಾಯ ತರುವ ಕೀಟನಾಶಕದ ರೂಪವಿದ್ದರೆ, ಎರಡು ಪ್ರದೇಶಗಳ ನಿಷೇಧಕ್ಕೆ ಕಾಯಬೇಕಿಲ್ಲ, ಒಂದೇ ದೇಶ ಪ್ರಸ್ತಾಪ ಕಳಿಸಬಹುದು. ಆಧಾರ ಯಾವುದು? ಹೊಲದಲ್ಲಿ ನಡೆದ ಘಟನೆಯ ವರದಿ. ಅದಕ್ಕೊಂದು ಫಾರಂ ಇದೆ. ಯಾವ ಎಣ್ಣೆ, ಹೇಗೆ ಹೊಡೆಯುತ್ತಿದ್ದರು, ಮೈಮೇಲೆ ಏನು ಹಾಕಿದ್ದರು, ಏನಾಯಿತು, ಲೇಬಲ್ ಇತ್ತೇ, ಅದನ್ನು ಓದಿ ತಿಳಿಯಲು ಅವರಿಗೆ ಬರುತ್ತಿತ್ತೇ ಎಂದು ಕೇಳುತ್ತದೆ. ನಮ್ಮ ಓಣಿಯ ಹುಡುಗನಿಗೆಂದೇ ಬರೆದ ಫಾರಂ ಅದು. ಆಫ್ರಿಕಾದ ಚಾಡ್ ದೇಶ ಹೀಗೇ ಫೆಂಥಿಯಾನ್ ಎಂಬುದರ ಒಂದು ರೂಪದ ಬಗ್ಗೆ ಬರೆದು ಕಳಿಸಿತ್ತು. ಸಭೆ ಸಭೆಯಲ್ಲೂ ಯಾರೋ ಅಡ್ಡ ಬಂದು, ಕೊನೆಗೆ 2025ರಲ್ಲಿ ಅದು ಪಟ್ಟಿ ಸೇರಿತು. ಚಾಡಿನ ಯಾವುದೋ ಹೊಲದ ಸಂಕಟ ಪಟ್ಟಿಗೇರಬಹುದಾದರೆ ನಮ್ಮದೇಕೆ ಏರಬಾರದು? 2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಹತ್ತಿಗೆ ಎಣ್ಣೆ ಹೊಡೆಯುತ್ತ 20ಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಅದು ನಮ್ಮಂಥದ್ದೇ ಕರಿನೆಲ, ನಮ್ಮದೇ ಬೆಳೆ.

ಕೆಳಗಿನಿಂದ ಮಾಹಿತಿ ಕಳಿಸುವುದು ಆಗದ ಕೆಲಸ ಅಂತ ಯಾರಾದರೂ ನಿನಗೆ ಹೇಳಿದರೆ ಸೀಡ್ ಹತ್ತಿಯ ಕಥೆ ಹೇಳು. ನಾವು ಬೆಳೆದ ಬೀಜಕ್ಕೆ ರೈತನ ಲೆಕ್ಕದಲ್ಲಿ ಗುರುತು ಬೀಳುತ್ತದೆ. ಆರ್ಗನೈಸರ್ ಎಂಬ ನಡುವಿನವನು ಅದನ್ನು ಬೀಜದ ಕಂಪನಿಗೆ ಮುಟ್ಟಿಸುತ್ತಾನೆ. ಕಂಪನಿಯವರು ಜಿಓಟಿ ಅಂತ ಬಿತ್ತಿ ಬೆಳೆಸಿ ಶುದ್ಧವೋ ಬೆರಕೆಯೋ ನೋಡುತ್ತಾರೆ. ಬೆರಕೆ ಬಂದರೆ ಯಾವ ಊರು, ಯಾರ ಬೀಜ ಎಂಬುದು ತಪ್ಪದೆ ನಮ್ಮ ಬಾಗಿಲಿಗೆ ವಾಪಸ್ ಬರುತ್ತದೆ, ದುಡ್ಡು ನಿಲ್ಲುತ್ತದೆ. ಒಂದು ಕಾಳಿನ ಕುಲಗೋತ್ರ ಇಷ್ಟು ಚೊಕ್ಕವಾಗಿ ಹಿಂದೆ ಮುಂದೆ ಓಡಾಡುತ್ತದೆ. ಅದೇ ಹೊಲದಲ್ಲಿ ಬಿದ್ದ ಮನುಷ್ಯನ ಸುದ್ದಿ ಆಸ್ಪತ್ರೆಯ ಚೀಟಿ ದಾಟುವುದಿಲ್ಲ. ಇದನ್ನು ಹೇಳುವಾಗ ನನಗೆ ಅಳುವಿಗಿಂತ ಸಿಟ್ಟೇ ಜಾಸ್ತಿ.

ಮೇಲಿನಿಂದ ಏನೂ ಬರುವುದಿಲ್ಲ ಅನ್ನಲಾರೆ. ಬರುತ್ತದೆ, ತಡವಾಗಿ. ಡೈಕೋಫಾಲ್ ಎಂಬ ಎಣ್ಣೆ ಸ್ಟಾಕ್‌ಹೋಮ್ ಪಟ್ಟಿ ಸೇರಿದ್ದು 2019ರಲ್ಲಿ, ನಮ್ಮಲ್ಲಿ ನಿಷೇಧದ ಆದೇಶ ಬಂದದ್ದು 2023ರ ಸೆಪ್ಟೆಂಬರ್ ಕೊನೆಗೆ. ಭಾರತ ಆ ಒಪ್ಪಂದಕ್ಕೆ ಸೇರುವಾಗಲೇ, ಪಟ್ಟಿಗೆ ಹೊಸದೇನು ಸೇರಿದರೂ ತಾನು ಬೇರೆಯಾಗಿ ಒಪ್ಪಿದ ಮೇಲೆಯೇ ಅನ್ವಯ ಎಂದು ಹೇಳಿಟ್ಟಿದೆ, ಅದನ್ನು ಮರೆಯಬೇಡ. 2013ರಲ್ಲಿ ಬಿಹಾರದ ಶಾಲೆಯ ಬಿಸಿಯೂಟದಲ್ಲಿ 23 ಮಕ್ಕಳನ್ನು ಕೊಂದ ಮೊನೊಕ್ರೊಟೊಫಾಸ್ ನೆನಪಿದೆಯೇ? ಅದು ರಾಟರ್‌ಡ್ಯಾಮ್ ಪಟ್ಟಿಯಲ್ಲಿ ಮೊದಲಿನಿಂದ ಇರುವ ಹೆಸರು. 2025ರಲ್ಲಿ ಕ್ಲೋರ್‌ಪೈರಿಫಾಸ್ ಸ್ಟಾಕ್‌ಹೋಮ್ ಪಟ್ಟಿಗೆ ಸೇರಿತು, ಒಂದಷ್ಟು ವಿನಾಯಿತಿಗಳ ಸಮೇತ. ಅಂಗಡಿಯಲ್ಲಿ ಈ ಮಾತು ಎತ್ತಿದೆ. ಅಂಗಡಿಯವನು ನಗುತ್ತಾ, "ಅಮ್ಮಾ, ಮೀರು ಟೀಚರಾ?" ಅಂದ. ಹೌದಪ್ಪ, ಆದರೂ ಹತ್ತಿ ನಮ್ಮದೂ ಇದೆ ಅಂದೆ. ಎಣ್ಣೆ ಸಾಲಕ್ಕೆ ಸಿಗುವಾಗ ಯಾವುದು ಕೊಡುತ್ತಾರೋ ಅದನ್ನೇ ತರಬೇಕು, ಆರಿಸುವ ಹಕ್ಕು ಎಲ್ಲಿಂದ ಬಂತು ಎಂದು ನಿಮ್ಮ ಮಾವ ಹೇಳುತ್ತಾರೆ. ಅವರ ಮಾತಲ್ಲಿ ಸುಳ್ಳಿಲ್ಲ.

ನಿನ್ನ ಪ್ರಬಂಧವನ್ನು ಬದಲಿಸು ಅಂತ ನಾನು ಹೇಳುವುದಿಲ್ಲ, ಮಾರ್ಕ್ಸು ಕೊಡುವವರು ಬೇರೆ. ನನಗೊಂದು ಕೆಲಸ ಮಾಡಿಕೊಡು. ಆ 6ನೆಯ ವಿಧಿಯ ಫಾರಮ್ಮನ್ನು ಕನ್ನಡಕ್ಕೂ ತೆಲುಗಿಗೂ ಮಾಡು. ನಿನ್ನ ಕೋರ್ಟು ಕನ್ನಡದಲ್ಲಿ ಬೇಡ, ಅವ್ವನ ಜೊತೆ ಮಾತಾಡುವ ಕನ್ನಡದಲ್ಲಿ. ತೆಲುಗನ್ನು ನಾನು ತಿದ್ದಿಸುತ್ತೇನೆ. ಎರಡು ಪುಟ ದಾಟಬಾರದು, ಅಕ್ಷರ ದಪ್ಪ ಇರಲಿ. ನಮ್ಮ ಆಶಾ ಕಾರ್ಯಕರ್ತೆ ಚುರುಕು ಹೆಂಗಸು, ಬಾಟಲಿಯ ಫೋಟೋ ತೆಗೆದಿಡುವುದನ್ನು ಆಗಲೇ ಶುರು ಮಾಡಿದ್ದಾಳೆ. ಕೃಷ್ಣಾ, ಮಾಗನೂರಿನ ಕಡೆ ಕನ್ನಡ ಶಾಲೆಗಳಿವೆ, ಅಲ್ಲಿನ ಮೇಷ್ಟ್ರುಗಳಿಗೂ ಒಂದೊಂದು ಪ್ರತಿ ಕೊಡೋಣ. ತುಂಬಿದ ಫಾರಂ ದೆಹಲಿಯ ಯಾವ ಅಧಿಕಾರಿಗೆ ಹೋಗಬೇಕು, ಹೋಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಹೇಗೆ ಕೇಳಬೇಕು ಎಂಬುದು ನಿನ್ನ ಪಾಲು. ವಕೀಲಿಕಿ ಓದಿದ್ದಕ್ಕೆ ಅಷ್ಟಾದರೂ ಆಗಲಿ.

ನಿನ್ನ ತಲೆನೋವು ಕಡಿಮೆಯಾಯಿತೇ? ರಾತ್ರಿ ಎರಡರವರೆಗೆ ಓದುವುದು ಬಿಡು. ಚಿಕ್ಕಮ್ಮ ಫೋನಿನಲ್ಲಿ ನಿನ್ನ ಮದುವೆಯ ಮಾತು ತೆಗೆದರು, ನಾನು ಸಿಗ್ನಲ್ ಇಲ್ಲ ಅಂತ ಇಟ್ಟುಬಿಟ್ಟೆ. ಈ ಉಪಕಾರ ನೆನಪಿರಲಿ. ದಸರಾ ರಜೆಗೆ ಗದ್ವಾಲ ರೈಲಿಗೆ ಬಾ. ಆ ಹೊತ್ತಿಗೆ ಕ್ರಾಸಿಂಗ್ ಇನ್ನೂ ನಡೆದಿರುತ್ತದೆ. ಎಣ್ಣೆ ಹೊಡೆಯದ ದಿನ ನೋಡಿ ಸಂಜೆ ಹೊಲಕ್ಕೆ ಕರೆದೊಯ್ಯುತ್ತೇನೆ. ಹೆಬ್ಬೆರಳಿನ ಉಗುರು ಮಾತ್ರ ಕತ್ತರಿಸಿಕೊಂಡು ಬರಬೇಡ, ಮೊಗ್ಗು ಬಿಡಿಸಲು ಬೇಕಾಗುತ್ತದೆ.

ನಿನ್ನ,
ಮಾನೋಪಾಡಿನ ಅಕ್ಕ